ಬೆಳಕಿನಲ್ಲಿ ಅಣುವನ್ನು ಅರಸಿದವರು

ಹಂಪಿಯನ್ನು ಹೊರಗೆ ನಿಂತು ನೋಡಬೇಕು, ಉಜ್ಜಿನಿಯನ್ನು ಒಳಹೊಕ್ಕು ನೋಡಬೇಕು ಎಂಬ ಮಾತು ನಮ್ಮ ಸೀಮೆಯಲ್ಲಿ ಬಹು ಹಳೆಯದು. ಮರುಳಸಿದ್ಧೇಶ್ವರನ ಗುಡಿಯ ಒಳಗಿನ ಕೆತ್ತನೆಯ ಸೊಬಗನ್ನು ಕಂಡ ಯಾರೋ ಹಿರಿಯರು ಈ ಮಾತನ್ನು ಆಡಿರಬೇಕು. ಹುಡುಗನಾಗಿದ್ದಾಗ ನಾನೂ ಆ ಗುಡಿಯೊಳಗೆ ಎಷ್ಟೋ ಸಲ ನಿಂತಿದ್ದೇನೆ. ಆದರೆ ಕಂಬಗಳ ಕುಸುರಿಗಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಸೆಳೆದದ್ದು ಮತ್ತೊಂದು. ಹೊರಗಿನ ಉರಿಬಿಸಿಲಿನಿಂದ ಒಳಗಿನ ನಸುಗತ್ತಲೆಗೆ ಬಂದವನ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಓರೆಯಾಗಿ ಇಳಿದ ಒಂದು ಬಿಸಿಲುಕೋಲು, ಅದರಲ್ಲಿ ಏರುತ್ತ ಇಳಿಯುತ್ತ ಮಿನುಗುವ ಧೂಳಿನ ಕಣಗಳು. ಆ ಕೋಲಿನ ಆಚೆಗೂ ಈಚೆಗೂ ಅಷ್ಟೇ ಧೂಳು ಇದ್ದಿರಲೇಬೇಕು. ಅಲ್ಲಿ ಮಾತ್ರ ಏನೂ ಕಾಣದು. ಊದುಬತ್ತಿಯ ಹೊಗೆ ಕಪ್ಪು ಗೋಡೆಯ ಮುಂದೆ ನೀಲಿಯಾಗಿ ತೋರಿ, ಬಾಗಿಲ ಬೆಳಕಿಗೆ ಎದುರಾದಾಗ ಕಂದಾಗುತ್ತಿತ್ತು. ಒಂದೇ ಹೊಗೆಗೆ ಎರಡು ಬಣ್ಣ ಏಕೆಂದು ಕೇಳಿದರೆ ಹೇಳುವವರು ಯಾರೂ ಇರಲಿಲ್ಲ.

ಮುಂದೆ ನಾನು ಇದೇ ಸೀಮೆಯ ಒಂದು ಶಾಲೆಯಲ್ಲಿ ವಿಜ್ಞಾನದ ಪಾಠ ಹೇಳುವವನಾದೆ. ಒಂದು ಮಿಲಿಮೀಟರಿನ ಉದ್ದಕ್ಕೆ ನೀರಿನ ಅಣುಗಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 30 ಲಕ್ಷ ಅಣುಗಳು ಹಿಡಿಯುತ್ತವೆಂದು ಹೇಳಿದ ದಿನ, ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, ಅವನ್ನು ಯಾರಾದರೂ ಕಂಡಿದ್ದಾರೆಯೇ, ಕಾಣದಿದ್ದರೆ ನಂಬುವುದು ಹೇಗೆ ಎಂದು ಕೇಳಿದ. ಪುಸ್ತಕದಲ್ಲಿ ಬರೆದಿದೆಯೆಂದು ಹೇಳಿ ಅವನನ್ನು ಕೂರಿಸಿದೆ. ಅದು ಉತ್ತರವಲ್ಲವೆಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ನಾಚಿಕೆಯೇ ನನ್ನನ್ನು ಚಂದ್ರಶೇಖರ ವೆಂಕಟ ರಾಮನ್ನರ ಜೀವನವನ್ನು ಓದುವಂತೆ ಮಾಡಿತು. ಅಲ್ಲಿಯವರೆಗೆ ಅವರು ನನ್ನ ಪಾಲಿಗೆ ಗೋಡೆಯ ಮೇಲಿನ ಒಂದು ಪಟ, ತಲೆಗೆ ರುಮಾಲು ಸುತ್ತಿದ ಒಬ್ಬ ಮಹಾಪುರುಷ, ಅಷ್ಟೆ.

ರಾಮನ್ನರು ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯ ಬಳಿಯ ತಿರುವಾನೈಕಾವಲ್‌ನಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಉಪಾಧ್ಯಾಯರು. ಗಣಿತ ಮತ್ತು ಭೌತಶಾಸ್ತ್ರಗಳನ್ನು ಕಲಿಸುತ್ತಿದ್ದವರು. ಅವರಿಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸವಾದುದರಿಂದ ಹುಡುಗ ಕಡಲಿನ ದಡದಲ್ಲಿ ಬೆಳೆದ. ಮೆಟ್ರಿಕ್ಯುಲೇಷನ್ ಮುಗಿದಾಗ ಅವನಿಗೆ ಹನ್ನೊಂದು ವರ್ಷ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಆಯಿತು. ಅದಕ್ಕೂ ಮೊದಲೇ, 1906ರಲ್ಲಿ, ಬೆಳಕನ್ನು ಕುರಿತ ಅವರ ಮೊದಲ ಲೇಖನ ಇಂಗ್ಲೆಂಡಿನ ಒಂದು ಪ್ರಸಿದ್ಧ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಆದರೂ ವಿಜ್ಞಾನವೇ ಜೀವನೋಪಾಯವಾಗುವ ದಾರಿ ಆಗ ಈ ದೇಶದಲ್ಲಿ ತೆರೆದಿರಲಿಲ್ಲ. ಮೈ ಸೊರಗಿದ ಈ ಹುಡುಗ ಇಂಗ್ಲೆಂಡಿನ ಚಳಿಯನ್ನು ತಾಳಲಾರನೆಂದು ವೈದ್ಯರು ಹೇಳಿದ್ದರಿಂದ ಆ ಬಾಗಿಲೂ ಮುಚ್ಚಿತು. 1907ರಲ್ಲಿ ಅವರು ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ, ಲೋಕಸುಂದರಿಯವರ ಕೈಹಿಡಿದು, ಕಲ್ಕತ್ತೆಯಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿ ನೆಲಸಿದರು.

ಬಹುಮಂದಿಯ ವಿದ್ಯೆ ಇಂಥ ಹಂತದಲ್ಲಿ ಮುಗಿಯುತ್ತದೆ. ಕಚೇರಿಗೆ ಹೋಗಿಬರುವ ದಾರಿಯಲ್ಲಿ ಬೌಬಜಾರ್ ಬೀದಿಯ ಒಂದು ಫಲಕ ರಾಮನ್ನರ ಕಣ್ಣಿಗೆ ಬಿತ್ತು. ಅದು ಮಹೇಂದ್ರಲಾಲ್ ಸರ್ಕಾರರು 1876ರಲ್ಲಿ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಪ್ರಸಾರ ಸಂಘದ ಕಟ್ಟಡ. ದುಡಿಯುವವರಿಲ್ಲದೆ ಅಲ್ಲಿನ ಪ್ರಯೋಗಶಾಲೆ ಬಡವಾಗಿತ್ತು. ರಾಮನ್ನರು ಮುಂಜಾವಿನಲ್ಲಿ ಅಲ್ಲಿಗೆ ಹೋಗುವರು, ಆಮೇಲೆ ಕಚೇರಿ, ಸಂಜೆ ಮತ್ತೆ ಅಲ್ಲಿಯೇ. ರಂಗೂನಿಗೂ ನಾಗಪುರಕ್ಕೂ ವರ್ಗವಾದ ಕಾಲವನ್ನು ಬಿಟ್ಟರೆ ಹತ್ತು ವರ್ಷ ಹೀಗೆಯೇ ನಡೆಯಿತು. ಪಿಟೀಲು, ವೀಣೆ, ಮೃದಂಗಗಳ ನಾದವನ್ನು ಅವರು ಪರೀಕ್ಷಿಸಿದ್ದು ಅಲ್ಲಿ. 1917ರಲ್ಲಿ ಆಶುತೋಷ ಮುಖರ್ಜಿಯವರು ಕಲ್ಕತ್ತ ವಿಶ್ವವಿದ್ಯಾನಿಲಯದ ಪಾಲಿತ್ ಪೀಠಕ್ಕೆ ಕರೆದಾಗ, ಹೆಚ್ಚು ಸಂಬಳದ ಸರ್ಕಾರಿ ಹುದ್ದೆಯನ್ನು ಬಿಟ್ಟು ಕಡಿಮೆ ಸಂಬಳದ ಪ್ರಾಧ್ಯಾಪಕರಾದರು.

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ ಆಕಾಶದ ಮಾತನ್ನು ಹೇಳಬೇಕು. ಬಿಸಿಲಿನ ಬಿಳುಪಿನಲ್ಲಿ ಎಲ್ಲ ಬಣ್ಣಗಳೂ ಅಡಗಿವೆ. ಬೆಳಕಿನ ಅಲೆಗಿಂತ ಬಹಳ ಸಣ್ಣದಾದ ಕಣಕ್ಕೆ ಆ ಬೆಳಕು ತಾಕಿದಾಗ, ಗಿಡ್ಡ ಅಲೆಯ ನೀಲಿ ಹೆಚ್ಚಾಗಿ ದಿಕ್ಕುದಿಕ್ಕಿಗೆ ಚದುರುತ್ತದೆ. ಉದ್ದ ಅಲೆಯ ಕೆಂಪು ಬಹುಮಟ್ಟಿಗೆ ನೇರವಾಗಿ ಸಾಗುತ್ತದೆ. ಊದುಬತ್ತಿಯ ಹೊಗೆ ಬದಿಯಿಂದ ನೋಡಿದರೆ ನೀಲಿ, ಬೆಳಕಿಗೆ ಎದುರಾಗಿ ನೋಡಿದರೆ ಕಂದು ಎಂಬುದರ ಗುಟ್ಟು ಇದೇ. ಆಕಾಶದ ನೀಲಿಗೂ ಗಾಳಿಯಲ್ಲಿ ತೇಲುವ ಧೂಳೇ ಕಾರಣವೆಂದು ಮೊದಲು ಬಗೆದಿದ್ದರು. ಧೂಳು ಬೇಕಾಗಿಲ್ಲ, ಗಾಳಿಯ ಅಣುಗಳೇ ಸಾಕು ಎಂದು 1899ರಲ್ಲಿ ತೋರಿಸಿದವರು ಇಂಗ್ಲೆಂಡಿನ ಲಾರ್ಡ್ ರೇಲಿಯವರು. ಹೀಗೆ ತಲೆಯೆತ್ತಿ ನೋಡುವವರಿಗೆಲ್ಲ ಅಣುಗಳ ಗುರುತು ಆಕಾಶದಲ್ಲಿಯೇ ದೊರೆಯಿತು. ಆದರೆ ಕಡಲಿನ ಮಾತು ಬಂದಾಗ ಅದೇ ರೇಲಿಯವರು, ಅಲ್ಲಿನ ನೀಲಿ ಆಕಾಶದ ಪ್ರತಿಬಿಂಬವೆಂದು ತಿಳಿದಿದ್ದರು. ಅಂಥವರ ಮಾತನ್ನು ಪ್ರಶ್ನಿಸುವವರು ವಿರಳ.

1921ರಲ್ಲಿ ರಾಮನ್ನರು ಆಕ್ಸ್‌ಫರ್ಡಿನಲ್ಲಿ ಸೇರಿದ್ದ ವಿಶ್ವವಿದ್ಯಾನಿಲಯಗಳ ಸಮ್ಮೇಳನಕ್ಕೆ ಹೋಗಿ, ನಾರ್ಕುಂಡ ಎಂಬ ಹಡಗಿನಲ್ಲಿ ಹಿಂದಿರುಗುತ್ತಿದ್ದರು. ಮೆಡಿಟರೇನಿಯನ್ ಕಡಲಿನ ಕಡುನೀಲಿ ಅವರ ಮನಸ್ಸನ್ನು ಹಿಡಿಯಿತು. ಅವರ ಬಳಿ ನಿಕಲ್ ಅಶ್ರಗವೊಂದಿತ್ತು. ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕನ್ನು ಸರಿಯಾದ ಕೋನದಲ್ಲಿ ಹಿಡಿದ ಈ ಹರಳು ತಡೆಯಬಲ್ಲದು. ಅದರ ಮೂಲಕ ನೋಡಿ ಆಕಾಶದ ಪ್ರತಿಬಿಂಬವನ್ನು ಅಳಿಸಿದರು. ಕಡಲಿನ ನೀಲಿ ಅಳಿಯಲಿಲ್ಲ; ಮತ್ತಷ್ಟು ತುಂಬಿ ಬಂತು. ಅದು ನೀರಿನ ಒಡಲಿನಿಂದಲೇ ಬರುತ್ತಿತ್ತು. ನೀರಿನ ಅಣುಗಳು ಬೆಳಕನ್ನು ಚದುರಿಸುತ್ತವೆಂದು ಅವರು ಪತ್ರಿಕೆಗೆ ಬರೆದು ತಿಳಿಸಿದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಆ ನೀಲಿಗೆ ದೊಡ್ಡ ಕಾರಣವೆಂದು ಇಂದು ತಿಳಿದಿದೆ. ಆದರೆ ಆಳದಿಂದ ಬೆಳಕನ್ನು ಚದುರಿಸಿ ಹಿಂದಕ್ಕೆ ಕಳುಹಿಸುವವರಿಲ್ಲದಿದ್ದರೆ ತಿಳಿಯಾದ ಕಡಲು ಕಪ್ಪಾಗಿ ತೋರುತ್ತಿತ್ತು.

ಕಲ್ಕತ್ತೆಗೆ ಬಂದವರೇ ಶಿಷ್ಯರೊಡನೆ ನೀರು, ಮಂಜುಗಡ್ಡೆ, ಹರಳು, ಆವಿ ಎಲ್ಲದರಲ್ಲಿಯೂ ಬೆಳಕು ಚದುರುವ ಬಗೆಯನ್ನು ಹುಡುಕತೊಡಗಿದರು. 1923ರಲ್ಲಿ ಕೆ. ಆರ್. ರಾಮನಾಥನ್ನರಿಗೆ ಒಂದು ವಿಚಿತ್ರ ಕಂಡಿತು: ಚದುರಿದ ಬೆಳಕಿನಲ್ಲಿ, ಒಳಗೆ ಹಾಯಿಸದೆ ಇದ್ದ ಬಣ್ಣದ ಒಂದು ಮಸುಕು ಎಳೆ. ದ್ರವ ಶುದ್ಧವಾಗಿಲ್ಲದಿರಬಹುದೆಂದು ಮತ್ತೆ ಮತ್ತೆ ಶುದ್ಧಿಮಾಡಿದರೂ ಆ ಎಳೆ ಹೋಗಲಿಲ್ಲ. ಐದು ವರ್ಷ ಅದನ್ನು ಬಿಡದೆ ಬೆನ್ನುಹತ್ತಿದರು. ಕೊನೆಗೆ 1928ರ ಆರಂಭದಲ್ಲಿ ಕೆ. ಎಸ್. ಕೃಷ್ಣನ್ನರೊಡನೆ ನಡೆಸಿದ ಪ್ರಯೋಗ ಸರಳವಾದದ್ದು. ಮಸೂರದಿಂದ ಕೂಡಿಸಿದ ಬಿಸಿಲನ್ನು ನೇರಿಳೆ ನೀಲಿಯ ಗಾಜಿನ ಮೂಲಕ ದ್ರವದೊಳಕ್ಕೆ ಹಾಯಿಸುವುದು. ಬದಿಯಿಂದ ಬರುವ ಬೆಳಕನ್ನು, ಆ ನೀಲಿಯನ್ನು ಸ್ವಲ್ಪವೂ ಬಿಡದ ಹಸಿರು ಗಾಜಿನ ಮೂಲಕ ನೋಡುವುದು. ಏನೂ ಕಾಣಬಾರದು. ಆದರೆ ಕಂಡಿತು. ಸುಮಾರು ಅರವತ್ತು ದ್ರವಗಳಲ್ಲಿ ಕಂಡಿತು. ಫೆಬ್ರವರಿ 28ರಂದು ಪಾದರಸದ ದೀಪದ ಬೆಳಕನ್ನು ಹಾಯಿಸಿ ರೋಹಿತದರ್ಶಕದಲ್ಲಿ ನೋಡಿದಾಗ, ಹೊಸ ಬೆಳಕು ಸ್ಪಷ್ಟವಾದ ಗೆರೆಗಳಾಗಿ ತೋರಿತು.

ಅದರ ಅರ್ಥವನ್ನು ನಾನು ಮಕ್ಕಳಿಗೆ ಹೇಳುವುದು ಹೀಗೆ. ಅಣು ಗಟ್ಟಿಯಾದ ಗೋಲಿಯಲ್ಲ. ಅದರ ಪರಮಾಣುಗಳು ಸ್ಪ್ರಿಂಗಿನಿಂದ ಕಟ್ಟಿದಂತೆ ಸದಾ ತುಯ್ಯುತ್ತಿರುತ್ತವೆ. ಅಣುವಿಗೆ ತಾಕಿದ ಬೆಳಕು ಬಹುಪಾಲು ಬಂದ ಬಣ್ಣದಲ್ಲಿಯೇ ಚದುರುತ್ತದೆ. ಸುಮಾರು ಒಂದು ಕೋಟಿ ಬೆಳಕಿನ ಕಣಗಳಲ್ಲಿ ಒಂದು ಮಾತ್ರ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಆ ತುಯ್ತಕ್ಕೆ ಕೊಟ್ಟು, ಅಥವಾ ಅದರಿಂದ ಪಡೆದು, ಬಣ್ಣ ಬದಲಿಸಿಕೊಂಡು ಹೊರಬರುತ್ತದೆ. ಒಂದೊಂದು ಬಗೆಯ ಅಣುವಿನ ತುಯ್ತವೂ ಬೇರೆಯಾದುದರಿಂದ ಒಂದೊಂದರ ಗೆರೆಗಳೂ ಬೇರೆ. ಕಣ್ಣಿಗೆ ಕಾಣದ ಅಣು ತನ್ನ ಹೆಸರನ್ನು ಬೆಳಕಿನಲ್ಲಿ ಬರೆದು ಕಳುಹಿಸುತ್ತದೆಯೆಂದರೆ ಅತಿಶಯವಾಗದು.

ಈ ಸಂಗತಿಯನ್ನು ರಾಮನ್ನರು ವಿದ್ವಾಂಸರ ಮುಂದೆ ವಿಸ್ತಾರವಾಗಿ ನಿವೇದಿಸಿದ್ದು ನಮ್ಮ ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ, ಎಂಬುದು ಕನ್ನಡಿಗರು ನೆನೆಯಬೇಕಾದ ಮಾತು. ಮಾಸ್ಕೋದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಂಡೆಲ್‌ಸ್ಟಾಮ್ ಎಂಬ ಇಬ್ಬರು ಅದೇ ಕಾಲದಲ್ಲಿ ಹರಳುಗಳಲ್ಲಿ ಇದನ್ನೇ ಕಂಡಿದ್ದರು. ಮೊದಲು ಪ್ರಕಟಿಸಿದವರು ಕಲ್ಕತ್ತೆಯವರು. 1930ರಲ್ಲಿ ನೊಬೆಲ್ ಬಹುಮಾನ ಬಂತು. ಭೌತವಿಜ್ಞಾನದಲ್ಲಿ ಏಷ್ಯಾ ಖಂಡಕ್ಕೆ ಅದೇ ಮೊದಲನೆಯದು. ಬಹುಮಾನ ರಾಮನ್ನರೊಬ್ಬರಿಗೆ ಸಂದಿತು. ಕೃಷ್ಣನ್ನರಿಗೆ ಸಲ್ಲಬೇಕಾದ ಪಾಲು ಎಷ್ಟೆಂಬ ಚರ್ಚೆ ಬಹುಕಾಲ ನಡೆದಿದೆ.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು; ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು ಅವರೇ. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಇಲ್ಲಿಂದ ಮುಂದಿನ ಕಥೆಯನ್ನು ಪಟದ ಮುಂದೆ ಕೈಮುಗಿದು ಹೇಳಲು ಬಾರದು. ವಿದ್ಯಾರ್ಥಿನಿ ಕಮಲಾ ಭಾಗವತ್ ಅವರು ಪ್ರವೇಶ ಕೇಳಿದಾಗ, ಹೆಣ್ಣೆಂಬ ಕಾರಣಕ್ಕೆ ರಾಮನ್ನರು ನಿರಾಕರಿಸಿದರು. ಆಕೆ ಪಟ್ಟು ಬಿಡದೆ ನಿಂತು, ಷರತ್ತುಗಳ ಮೇಲೆ ಒಳಗೆ ಬಂದು, ತನ್ನ ಕೆಲಸದಿಂದಲೇ ಅವರ ಮನಸ್ಸನ್ನು ತಿರುಗಿಸಿದರು. ಮುಂದೆ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದರು. ಆಡಳಿತದಲ್ಲಿ ಜಗಳಗಳೆದ್ದು 1937ರಲ್ಲಿ ರಾಮನ್ನರು ನಿರ್ದೇಶಕ ಪದವಿಯನ್ನು ಬಿಟ್ಟು, 1948ರವರೆಗೆ ಪ್ರಾಧ್ಯಾಪಕರಾಗಿ ಉಳಿದರು. ಹರಳಿನೊಳಗೆ ಪರಮಾಣುಗಳು ತುಯ್ಯುವ ಬಗೆಯನ್ನು ಕುರಿತು, ತಾವೇ ಬೆಂಗಳೂರಿಗೆ ಕರೆತಂದಿದ್ದ ಮಾಕ್ಸ್ ಬಾರ್ನರೊಡನೆ ವರ್ಷಗಟ್ಟಲೆ ವಾದಿಸಿದರು. ವಿಜ್ಞಾನ ಬಾರ್ನರ ಪಕ್ಷವನ್ನು ಹಿಡಿಯಿತು. ರಾಮನ್ನರು ಒಪ್ಪಲೇ ಇಲ್ಲ.

ರೇಲಿಯವರ ಮಾತಿಗಿಂತ ತನ್ನ ಕಣ್ಣನ್ನು ನಂಬಿದ ಗುಣವೇ ಅವರನ್ನು ಎತ್ತರಕ್ಕೆ ಒಯ್ದಿತು. ಅದೇ ಗುಣ ಇಳಿವಯಸ್ಸಿನಲ್ಲಿ ಅವರನ್ನು ಒಂಟಿಯಾಗಿಸಿತು. ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವುದು ವಿಜ್ಞಾನವೆಂದು ಅವರ ಯೌವನ ಕಲಿಸಿದರೆ, ತನ್ನ ನಂಬಿಕೆಯನ್ನೂ ಒಡ್ಡಬೇಕೆಂಬುದನ್ನು ಅವರ ವಾರ್ಧಕ್ಯ ಕಲಿಸುತ್ತದೆ. ಮಕ್ಕಳಿಗೆ ನಾವು ಮೊದಲ ಪಾಠವನ್ನಷ್ಟೇ ಹೇಳಿ ಎರಡನೆಯದನ್ನು ಮುಚ್ಚಿಡುವುದು ತಪ್ಪೆಂದು ನನ್ನ ಭಾವನೆ.

ಮೈಸೂರಿನ ಮಹಾರಾಜರು ಅಕಾಡೆಮಿಗೆ ಕೊಟ್ಟಿದ್ದ ನೆಲದಲ್ಲಿ ಅವರು ತಮ್ಮದೇ ಸಂಶೋಧನಾಲಯವನ್ನು ಕಟ್ಟಿಕೊಂಡು, ವಜ್ರ, ಹರಳು, ಚಿಪ್ಪು, ಹೂವುಗಳ ಬಣ್ಣಗಳನ್ನು ಕೊನೆಯವರೆಗೂ ಪರೀಕ್ಷಿಸುತ್ತಿದ್ದರು. 1954ರಲ್ಲಿ ಭಾರತರತ್ನ ಬಂತು. 1970ರ ಅಕ್ಟೋಬರಿನ ಅಂತ್ಯದಲ್ಲಿ ಪ್ರಯೋಗಶಾಲೆಯಲ್ಲಿಯೇ ಕುಸಿದರು. ಆಸ್ಪತ್ರೆಯಲ್ಲಿ ಸಾಯಲು ಒಪ್ಪದೆ ತಮ್ಮ ಹೂದೋಟದ ನಡುವಿಗೆ ಹಿಂದಿರುಗಿ, ನವೆಂಬರ್ 21ರಂದು ಕಣ್ಣು ಮುಚ್ಚಿದರು. ಅದೇ ತೋಟದಲ್ಲಿ ದಹನವಾಯಿತು. ಅಲ್ಲಿ ಕಲ್ಲಿನ ಸಮಾಧಿಯಿಲ್ಲ, ಒಂದು ಮರವಿದೆ.

ಅವರು ಕಂಡ ಮಸುಕು ಬೆಳಕು ಇಂದು ಔಷಧದ ಶುದ್ಧಿಯನ್ನು ಹೇಳುತ್ತದೆ, ರತ್ನದ ಸಾಚಾತನವನ್ನು ಹೇಳುತ್ತದೆ. 2021ರಲ್ಲಿ ಮಂಗಳಗ್ರಹದ ಮೇಲಿಳಿದ ಪರ್ಸಿವರೆನ್ಸ್ ಬಂಡಿ ಅಲ್ಲಿನ ಕಲ್ಲುಗಳನ್ನು ಅದೇ ಉಪಾಯದಿಂದ ಪರೀಕ್ಷಿಸಿದೆ. ಪರಮಾಣುಗಳ ಚಿತ್ರವನ್ನೇ ಮೂಡಿಸುವ ಯಂತ್ರಗಳೂ ಬಂದಿವೆ. ಆದರೂ ಆ ಹುಡುಗನ ಪ್ರಶ್ನೆಗೆ ಉತ್ತರ ಹೇಳಲು ಅಷ್ಟು ದೂರ ಹೋಗಬೇಕಾಗಿಲ್ಲವೆಂದು ನನಗೆ ತಡವಾಗಿ ತಿಳಿಯಿತು.

ಮರುವಾರ ತರಗತಿಯ ಕಿಟಕಿಗಳನ್ನು ಮುಚ್ಚಿಸಿ, ಒಂದು ಗಾಜಿನ ಲೋಟದ ನೀರಿಗೆ ನಾಲ್ಕು ತೊಟ್ಟು ಹಾಲು ಹಾಕಿ, ಟಾರ್ಚಿನ ಬೆಳಕನ್ನು ಹಾಯಿಸಿದೆ. ಬದಿಯಿಂದ ನೋಡಿದವರಿಗೆ ನೀರು ಮುಗಿಲಿನ ನಸುನೀಲಿ; ಎದುರಿನಿಂದ ನೋಡಿದವರಿಗೆ ಟಾರ್ಚು ಸಂಜೆಯ ಸೂರ್ಯನಂತೆ ಕೆಂಪಡರಿತ್ತು. ಇಲ್ಲಿ ಬೆಳಕನ್ನು ಚದುರಿಸುವುದು ಹಾಲಿನ ಕಣ, ಮೇಲೆ ಚದುರಿಸುವುದು ಗಾಳಿಯ ಅಣು ಎಂದೆ. ಹಿಂದಿನ ಸಾಲಿನ ಹುಡುಗ ಲೋಟವನ್ನು ಸುತ್ತಿ ಸುತ್ತಿ ನೋಡಿದ. ಬಳಿಕ ಏನನ್ನೂ ಹೇಳದೆ ಹೋಗಿ ಕಿಟಕಿಯನ್ನು ತೆರೆದು, ನಮ್ಮ ಸೀಮೆಯ ಆ ಬೋಳು ಆಕಾಶವನ್ನು ಬಹಳ ಹೊತ್ತು ನೋಡುತ್ತ ನಿಂತ.