ಅಮ್ಮನ ಎದೆಯ ಫುಟ್‌ವಾಲ್ವ್

ರಾತ್ರಿ ಕರೆಂಟ್ ಹೋಗಿ ಫ್ಯಾನ್ ನಿಂತರೆ ನಮ್ಮ ಮನೆಯಲ್ಲಿ ಟಿಕ್ ಟಿಕ್ ಸದ್ದು ಕೇಳುತ್ತದೆ. ಅದು ಗಡಿಯಾರದ್ದಲ್ಲ, ಅಮ್ಮನ ಎದೆಯದು. ಮೂರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಅವಳ ಹೃದಯದ ಮೈಟ್ರಲ್ ಕವಾಟ ತೆಗೆದು ಕೃತಕ ಕವಾಟ ಹಾಕಿದರು. ಆ ವರ್ಷ ಅಟ್ಟದ ಮೇಲಿದ್ದ ಕೊಬ್ಬರಿಯೆಲ್ಲ ತಿಪಟೂರು ಎಪಿಎಂಸಿಗೆ ಹೋಯಿತು.

ನಾನು ಮೆಕ್ಯಾನಿಕಲ್ ಬಿಇ ವಿದ್ಯಾರ್ಥಿ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದುವಾಗ ಈ ಕವಾಟದ ಹಿಂದೆ ಯಾರಿದ್ದಾರೆ ಎಂದು ಹುಡುಕಿದೆ. ಸಿಕ್ಕಿದ್ದು ಒಬ್ಬ ಪಂಪ್ ಎಂಜಿನಿಯರ್!

ಮೈಲ್ಸ್ ಲೊವೆಲ್ ಎಡ್ವರ್ಡ್ಸ್ ಹುಟ್ಟಿದ್ದು 1898ರಲ್ಲಿ, ಅಮೆರಿಕದ ಒರೆಗಾನ್ ರಾಜ್ಯದಲ್ಲಿ. ಹದಿಹರೆಯದಲ್ಲಿ ಎರಡು ಸಲ ರುಮ್ಯಾಟಿಕ್ ಜ್ವರ ಬಂತು. ಅಮ್ಮನಿಗೂ ಬಂದಿದ್ದು ಅದೇ. ಮೊದಲು ಬ್ಯಾಕ್ಟೀರಿಯಾದಿಂದ ಗಂಟಲು ನೋವು, ಕೆಲವು ವಾರದ ನಂತರ ಜ್ವರ, ಕೀಲು ಊತ. ಬ್ಯಾಕ್ಟೀರಿಯಾ ಮೇಲೆ ಎರಗಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಹೃದಯದ ಕವಾಟವನ್ನೂ ಗಾಯ ಮಾಡುತ್ತದೆ. ಅಮ್ಮನ ಮಂಡಿ ಊದಿದಾಗ ಅಜ್ಜಿ ಬೆಳೆಯೋ ವಯಸ್ಸಿನ ನೋವು ಅಂದುಕೊಂಡು ಎಣ್ಣೆ ತಿಕ್ಕಿದ್ದರಂತೆ.

ಎಡ್ವರ್ಡ್ಸ್ ಎಂಜಿನಿಯರಿಂಗ್ ಓದಿ ದ್ರವಗಳ ಒತ್ತಡವನ್ನೇ ಕಸುಬು ಮಾಡಿಕೊಂಡರು. ವಿಮಾನಗಳ ಇಂಧನ ಪಂಪ್‌ಗಳಿಂದ ಹೆಸರು, ಹಣ ಎರಡೂ ಬಂದವು. ಅರವತ್ತರ ಹೊತ್ತಿಗೆ 63 ಪೇಟೆಂಟ್ ಇದ್ದವು. ನಮ್ಮ ಕಡೆ ಆ ವಯಸ್ಸಿಗೆ ಜನ ಜಗಲಿ ಸೇರುತ್ತಾರೆ. ಇವರು 1958ರಲ್ಲಿ ಪೋರ್ಟ್‌ಲೆಂಡ್‌ನ ಶಸ್ತ್ರವೈದ್ಯ ಆಲ್ಬರ್ಟ್ ಸ್ಟಾರ್ ಬಳಿ ಹೋಗಿ, ಕೃತಕ ಹೃದಯ ಮಾಡೋಣ ಎಂದರು. ಸ್ಟಾರ್‌ಗೆ ಆಗ ಮೂವತ್ತೆರಡು. ಮೊದಲು ಒಂದು ಕವಾಟ ಮಾಡಿ ಎಂದು ಒಪ್ಪಿಸಿದರು.

ಕವಾಟವೆಂದರೆ ಬಾವಿ ಮೋಟರಿನ ಫುಟ್‌ವಾಲ್ವ್ ಇದ್ದ ಹಾಗೆ. ಮೇಲೆ ಹೋದ ನೀರು ಹಿಂದಕ್ಕೆ ಬರಬಾರದು. ಹೃದಯದಲ್ಲಿ ಇಂಥವು ನಾಲ್ಕಿವೆ. ಮೈಟ್ರಲ್ ಕವಾಟ ಕಿರಿದಾದರೆ ರಕ್ತ ಮುಂದೆ ಹೋಗದೆ ಶ್ವಾಸಕೋಶದಲ್ಲಿ ಕಟ್ಟಿಕೊಳ್ಳುತ್ತದೆ. ಅಮ್ಮ ತೋಟದಿಂದ ಮನೆಗೆ ಬರುವಷ್ಟರಲ್ಲಿ ಮೂರು ಕಡೆ ಕೂರುತ್ತಿದ್ದದ್ದು ಇದಕ್ಕೇ. ನಾವು ಸುಸ್ತು ಅಂದುಕೊಂಡಿದ್ದೆವು.

ಎಡ್ವರ್ಡ್ಸ್ ಮೊದಲು ನಿಜವಾದ ಕವಾಟದಂತೆಯೇ ಎಸಳಿನ ಕವಾಟ ಮಾಡಿದರು. ನಾಯಿಗಳಿಗೆ ಹಾಕಿದರೆ ಹೊಲಿಗೆಯ ಅಂಚಿನಿಂದ ರಕ್ತ ಹೆಪ್ಪುಗಟ್ಟಿ, ಎಸಳು ಬಿಗಿದು, ಎರಡು ಮೂರು ದಿನಕ್ಕೆ ಸಾಯುತ್ತಿದ್ದವು. ಕೊನೆಗೆ ರೂಪವನ್ನೇ ಬಿಟ್ಟು ಒಂದು ಪಂಜರ, ಒಳಗೊಂದು ಚೆಂಡು ಮಾಡಿದರು. ರಕ್ತ ತಳ್ಳಿದರೆ ಚೆಂಡು ಸರಿದು ದಾರಿ ಬಿಡುತ್ತದೆ, ಹಿಂದಕ್ಕೆ ಬರುವಾಗ ಬಾಯಿ ಮುಚ್ಚುತ್ತದೆ. ಅಪ್ಪನಿಗೆ ಇದನ್ನು ಹೇಳಿದಾಗ ಅಟ್ಟದಿಂದ ಒಣಗಿದ ಕಾಯಿಯೊಂದನ್ನು ಇಳಿಸಿ, ಕಿವಿಯ ಹತ್ತಿರ ಅಲುಗಾಡಿಸಿದರು. ಒಳಗೆ ಕೊಬ್ಬರಿ ಗಿಟುಕು ಉರುಳಿತು. ಇಂಥದ್ದೇ ತಾನೆ ಎಂದರು. ಹೌದೆಂದೆ.

1960ರ ಆಗಸ್ಟ್‌ನಲ್ಲಿ ಮೊದಲ ರೋಗಿ ಒಂದು ದಿನವೂ ಉಳಿಯಲಿಲ್ಲ. ಸೆಪ್ಟೆಂಬರ್ 21ರಂದು 52 ವರ್ಷದ ಇನ್ನೊಬ್ಬರಿಗೆ ಹಾಕಿದರು. ಅವರು 1975ರವರೆಗೆ ಬದುಕಿದರು, ಸತ್ತದ್ದೂ ಹೃದಯದಿಂದಲ್ಲ, ಏಣಿಯಿಂದ ಬಿದ್ದು. ಇವರಿಗಿಂತ ಮೊದಲೂ ಕೃತಕ ಕವಾಟ ಹಾಕಿದವರಿದ್ದರು, ಆದರೆ ಮೈಟ್ರಲ್ ಜಾಗದಲ್ಲಿ ವರ್ಷಗಟ್ಟಲೆ ಬಾಳಿದ್ದು ಇವರದೇ ಮೊದಲು. ಎಡ್ವರ್ಡ್ಸ್ ಸುಮ್ಮನಾಗದೆ ಕವಾಟಕ್ಕೆಂದೇ ಕಂಪನಿ ಕಟ್ಟಿದರು. ತೀರಿಕೊಂಡದ್ದು 1982ರಲ್ಲಿ.

ನಮ್ಮ ದೇಶದಲ್ಲೂ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ವಲಿಯತ್ತಾನ್ ತಂಡ ಹಲವು ಸಲ ಸೋತು, 1990ರಲ್ಲಿ ಚಿತ್ರಾ ಕವಾಟವನ್ನು ರೋಗಿಗೆ ಹಾಕಿತು. ಈಗ ಕೆಲವರಿಗೆ ಎದೆ ಸೀಳದೆ ಬಲೂನಿನಿಂದಲೇ ಕವಾಟ ಬಿಡಿಸುತ್ತಾರೆ. ಅಮ್ಮನದು ಅಷ್ಟರಲ್ಲಿ ತೀರಾ ಗಟ್ಟಿಯಾಗಿತ್ತು.

ಹೆಪ್ಪಿನ ಕಾಟ ಮಾತ್ರ ಇನ್ನೂ ಮುಗಿದಿಲ್ಲ. ಲೋಹದ ಕವಾಟ ಇದ್ದವರು ಜೀವನವಿಡೀ ರಕ್ತ ಹೆಪ್ಪುಗಟ್ಟದ ಮಾತ್ರೆ ನುಂಗಬೇಕು. ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ಸೊಪ್ಪಿನ ಸಾರನ್ನೂ ಅಮ್ಮ ಒಂದೇ ಅಳತೆಯಲ್ಲಿ ತಿನ್ನುತ್ತಾಳೆ.

ಹೋದ ತಿಂಗಳು ಚಿಕ್ಕಪ್ಪನ ಮಗಳಿಗೆ ಗಂಟಲು ನೋವು ಬಂದು, ಆಮೇಲೆ ಮಂಡಿ ಊದಿತ್ತು. ಅಮ್ಮ ಎಣ್ಣೆ ಬಟ್ಟಲನ್ನು ಪಕ್ಕಕ್ಕಿಟ್ಟು, ಈಗಲೇ ಬೈಕ್ ತೆಗಿ ಎಂದಳು. ಈಗ ಆ ಹುಡುಗಿಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್. ಈ ಶನಿವಾರ ಅಮ್ಮನ ರಕ್ತಪರೀಕ್ಷೆಯೂ ಇದೆ, ಇಬ್ಬರನ್ನೂ ತಿಪಟೂರಿಗೆ ಕರೆದುಕೊಂಡು ಹೋಗಬೇಕು.