ತ್ಸಾವೋದ ವನಪಾಲಕ

ಆನೆಯ ನೆನಪು ದೊಡ್ಡದೆಂಬುದನ್ನು ಎಲ್ಲರೂ ಬಲ್ಲರು. ಆ ನೆನಪಿನಲ್ಲಿ ಮನುಷ್ಯನಿಗೆ ದೊರೆತಿರುವ ಸ್ಥಾನ ಎಂಥದೆಂದು ವಿಚಾರಿಸುವವರು ವಿರಳ. ತಾಯಿಯನ್ನು ಮನುಷ್ಯನು ಕೊಂದುದನ್ನು ಕಣ್ಣಾರೆ ಕಂಡ ಮರಿಯಾನೆ ಮತ್ತೆ ಅದೇ ಮನುಷ್ಯನ ಕೈಯಿಂದ ಹಾಲು ಕುಡಿಯಬೇಕಾದರೆ ನಡುವೆ ಏನೇನು ನಡೆಯಬೇಕು? ಈ ಪ್ರಶ್ನೆಗೆ ಕಾಲು ಶತಮಾನಕ್ಕೂ ಮೀರಿ ಒಂದೇ ಕಾಡಿನಲ್ಲಿ ಬಾಳಿ ಉತ್ತರ ಹುಡುಕಿದವನು ಡೇವಿಡ್ ಶೆಲ್ಡ್ರಿಕ್. ಅವನ ಹೆಸರು ಹೊತ್ತ ಸಂಸ್ಥೆಯನ್ನು ಇಂದು ಜಗತ್ತೇ ಬಲ್ಲದು. ಆ ಮನುಷ್ಯನ ಬಾಳನ್ನು ಬಲ್ಲವರು ಅಷ್ಟಿಲ್ಲ. ಅದಕ್ಕಾಗಿಯೇ ಆ ಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದು ನನಗೆ ತೋರಿತು.

ಶೆಲ್ಡ್ರಿಕ್ ಹುಟ್ಟಿದ್ದು ೧೯೧೯ರಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿ. ಆತ ಎಳೆಯನಾಗಿದ್ದಾಗಲೇ ತಂದೆತಾಯಿಗಳು ಕೀನ್ಯಾಕ್ಕೆ ಬಂದು ಕಾಫಿ ತೋಟ ಮಾಡಿಕೊಂಡು ನೆಲೆಸಿದರು. ಓದು ಇಂಗ್ಲೆಂಡಿನಲ್ಲಿ ನಡೆಯಿತು. ಎರಡನೆಯ ಮಹಾಯುದ್ಧದಲ್ಲಿ ಕಿಂಗ್ಸ್ ಆಫ್ರಿಕನ್ ರೈಫಲ್ಸ್ ಪಡೆಯನ್ನು ಸೇರಿ, ಅಬಿಸೀನಿಯಾ ಮತ್ತು ಬರ್ಮಾದ ರಣರಂಗಗಳನ್ನು ಕಂಡು, ಮೇಜರ್ ಪದವಿಗೇರಿ ಹಿಂದಿರುಗಿದ. ೧೯೪೮ರಲ್ಲಿ ಕೀನ್ಯಾ ಸರ್ಕಾರ ತ್ಸಾವೋ ರಾಷ್ಟ್ರೀಯ ಉದ್ಯಾನವನ್ನು ಸ್ಥಾಪಿಸಿತು. ಇಪ್ಪತ್ತು ಸಾವಿರ ಚದರ ಕಿಲೋಮೀಟರಿಗೂ ಮೀರಿದ ವಿಸ್ತಾರ. ಕೆಂಪು ಮಣ್ಣು, ಮುಳ್ಳುಪೊದೆ, ನಡುನಡುವೆ ಬಾವೊಬಾಬ್ ಮರ. ನಮ್ಮ ಸವಣೂರಿನಲ್ಲಿ ದೊಡ್ಡಹುಣಸೆಯೆಂದು ಕರೆಸಿಕೊಳ್ಳುವ ಮರವೇ ಅದು. ಅಲ್ಲಿನ ಆನೆಗಳು ಆ ಮಣ್ಣಿನಲ್ಲಿ ಹೊರಳಿ ತಾವೂ ಕೆಂಪಾಗಿ ಕಾಣುತ್ತವೆ. ಈ ಉದ್ಯಾನದ ಪೂರ್ವಭಾಗಕ್ಕೆ ಶೆಲ್ಡ್ರಿಕ್ ವನಪಾಲಕನಾಗಿ ಬಂದ. ದಾರಿಯಿಲ್ಲದಲ್ಲಿ ದಾರಿ ಮಾಡಿಸಿದ. ನೀರಿಲ್ಲದ ಆ ಬಯಲಿನಲ್ಲಿ, ಅರೂಬಾ ಎಂಬಲ್ಲಿ, ೧೯೫೨ರಲ್ಲಿ ಅಣೆಕಟ್ಟು ಎದ್ದಿತು.

ಆದರೆ ಆನೆಗೆ ಅಲ್ಲಿ ನೀರಿನ ಕೊರತೆಗಿಂತ ದೊಡ್ಡ ಕಂಟಕ ಬಾಣದ್ದಾಗಿತ್ತು. ವಾಲಿಯಂಗುಲು ಎಂಬ ಜನ ತಲೆಮಾರುಗಳಿಂದ ಆನೆಯ ಬೇಟೆಗಾರರು. ಅವರ ಬಿಲ್ಲನ್ನು ಸೆಳೆಯಲು ನೂರು ಪೌಂಡಿಗೂ ಮಿಕ್ಕಿದ ಬಲ ಬೇಕು. ಬಾಣದ ತುದಿಗೆ ಲೇಪಿಸಿದ ವಿಷ ಗುಂಡಿಗೆಯನ್ನು ನಿಲ್ಲಿಸುವಂಥದು. ಮೊದಲು ಆ ಬೇಟೆ ಹೊಟ್ಟೆಪಾಡಿಗಾಗಿತ್ತು. ದಂತದ ವ್ಯಾಪಾರಿಗಳು ಬಂದ ಮೇಲೆ ಅದು ಸಂಹಾರವಾಯಿತು. ೧೯೫೬-೫೭ರಲ್ಲಿ ಶೆಲ್ಡ್ರಿಕ್ ಮತ್ತು ಅವನ ಸಹೋದ್ಯೋಗಿ ಬಿಲ್ ವುಡ್ಲಿ ಸೈನ್ಯದ ಕ್ರಮದಲ್ಲಿ ಕಾವಲುಪಡೆಗಳನ್ನು ಕಟ್ಟಿ, ಸೆರೆ ಸಿಕ್ಕವರಿಂದಲೇ ಉಳಿದವರ ಸುಳಿವು ತಿಳಿದು, ಬೇಟೆಯನ್ನು ಅಡಗಿಸಿದರು. ಈ ಗೆಲುವನ್ನು ಕೇವಲ ಗೆಲುವೆಂದು ಬರೆಯಲು ನನ್ನ ಮನಸ್ಸು ಒಪ್ಪದು. ಒಂದು ಜನಾಂಗದ ಕುಲವೃತ್ತಿ ಒಂದೆರಡು ವರ್ಷಗಳಲ್ಲಿ ಅಪರಾಧವಾಗಿ ಕೊನೆಗೊಂಡಿತು. ೧೯೬೦ರ ಹೊತ್ತಿಗೆ ಗಲಾನಾ ನದಿಯ ಬಳಿ, ಉದ್ಯಾನದ ಹೊರಗೆ, ಅವರಿಗೆ ಮಿತವಾದ ಕಾನೂನುಬದ್ಧ ಬೇಟೆಯ ಏರ್ಪಾಡೊಂದು ನಡೆಯಿತಾದರೂ ಅದು ಬೇರೂರಲಿಲ್ಲ. ಆನೆಯ ಅಭಯಕ್ಕೆ ಬಿದ್ದ ಬೆಲೆಯಲ್ಲಿ ಇವರ ಪಾಲೂ ಉಂಟು.

ಕಾಡನ್ನು ಕಾಯುತ್ತಲೇ ಶೆಲ್ಡ್ರಿಕ್ ಆನೆಯನ್ನು ಓದತೊಡಗಿದ. ಸತ್ತ ಆನೆಯ ಬಳಿಗೆ ಬಂದ ಆನೆಗಳು ಅದರ ದಂತಗಳನ್ನು ಕಿತ್ತು, ಬಲು ದೂರ ಹೊತ್ತೊಯ್ದು, ಬಂಡೆಗೋ ಮರಕ್ಕೋ ಅಪ್ಪಳಿಸಿ ಒಡೆಯುವುದನ್ನು ಆತ ಗಮನಿಸಿದ್ದ. ಅದರ ಅರ್ಥವೇನೆಂದು ನಿಶ್ಚಯಿಸಿ ಹೇಳುವ ಧೈರ್ಯ ನನಗಿಲ್ಲ. ಸಾವಿನ ಮುಂದೆ ಸುಮ್ಮನೆ ಹಾದುಹೋಗುವ ಪ್ರಾಣಿ ಅದಲ್ಲವೆಂಬುದಷ್ಟು ಸ್ಪಷ್ಟ. ಹಾಗಿದ್ದ ಮೇಲೆ ತಬ್ಬಲಿ ಮರಿಗೆ ಹೊಟ್ಟೆಯ ಹಸಿವೊಂದೇ ಸಂಕಟವಲ್ಲ.

ಇಂಥ ತಬ್ಬಲಿಗಳು ೧೯೫೦ರ ದಶಕದಲ್ಲಿಯೇ ವೋಯ್ ಊರಿನ ಬಳಿಯಿದ್ದ ಅವನ ಮನೆಯಂಗಳಕ್ಕೆ ಬಂದುವು. ಸ್ಯಾಮ್ಸನ್ ಮತ್ತು ಫಾತುಮಾ ಎಂಬುವು ಮೊದಲಿಗರಲ್ಲಿ ಸೇರಿದುವು. ಮುಂದಿನ ದಶಕದಲ್ಲಿ ಎಲಿನಾರ್ ಬಂದಿತು. ಆನೆಯನ್ನು ಪಳಗಿಸುವುದೆಂದರೆ ಸರಪಳಿ, ಅಂಕುಶ, ಆಜ್ಞೆ ಎಂದು ತಿಳಿದ ನಮಗೆ ಶೆಲ್ಡ್ರಿಕ್ಕನ ರೀತಿ ಹೊಸದು. ಆತ ಅವುಗಳಿಗೆ ಕೆಲಸ ಕಲಿಸಲಿಲ್ಲ. ಹಗಲೆಲ್ಲ ಕಾವಲಿನವರೊಡನೆ ಕಾಡಿನಲ್ಲಿ ಮೇದು, ಸಂಜೆ ದೊಡ್ಡಿಗೆ ಮರಳುವುದು. ಕಾಡಾನೆಯ ಹಿಂಡು ಎದುರಾದರೆ ಅದರೊಡನೆ ಬೆರೆಯುವುದು. ಹೋಗಬೇಕೆನಿಸಿದ ದಿನ ಹೋಗುವುದು. ಎಲಿನಾರ್ ಬೆಳೆದು ತಾನೇ ಬೇರೆ ತಬ್ಬಲಿಗಳಿಗೆ ಸಾಕುತಾಯಿಯಾಯಿತು. ಮನುಷ್ಯನು ನಂಬತಕ್ಕವನೆಂದು ಹೊಸ ಮರಿಗಳಿಗೆ ಕಲಿಸಿದ್ದು ಮನುಷ್ಯನಿಗಿಂತ ಹೆಚ್ಚಾಗಿ ಈ ಆನೆಯೇ ಎಂದು ನಾನು ಭಾವಿಸುತ್ತೇನೆ.

೧೯೬೦ರಲ್ಲಿ ಶೆಲ್ಡ್ರಿಕ್ಕನ ಕೈಹಿಡಿದ ಡ್ಯಾಫ್ನಿ ಈ ಕೆಲಸದ ಅರ್ಧಾಂಗಿಯೂ ಆದಳು. ಹಾಲುಬಿಡದ ಹಸುಗೂಸನ್ನು ಉಳಿಸುವುದು ಬಹುಕಾಲ ಸಾಧ್ಯವಾಗಿರಲಿಲ್ಲ. ಹಸುವಿನ ಹಾಲಿನ ಕೊಬ್ಬು ಅದಕ್ಕೆ ಒಗ್ಗದು. ಎಷ್ಟೋ ಮರಿಗಳು ಕಣ್ಣೆದುರಿಗೇ ಸೊರಗಿ ಸತ್ತ ಮೇಲೆ, ಮನುಷ್ಯ ಶಿಶುಗಳಿಗೆ ಕೊಡುವ ಹಾಲಿನ ಪುಡಿಗೆ ತೆಂಗಿನೆಣ್ಣೆಯ ಕೊಬ್ಬು ಸೇರಿದರೆ ಅದು ಜೀರ್ಣವಾಗುತ್ತದೆಂದು ಆಕೆ ಕಂಡುಕೊಂಡಳು. ೧೯೭೪ರಲ್ಲಿ ಐಶಾ ಎಂಬ ಹಸುಗೂಸು ಹೀಗೆ ಉಳಿದು ಕೆಲವು ತಿಂಗಳು ಬೆಳೆಯಿತು. ಅಷ್ಟರಲ್ಲಿ ಮಗಳ ಮದುವೆಗೆಂದು ಡ್ಯಾಫ್ನಿ ಕೆಲವು ದಿನ ಊರು ಬಿಡಬೇಕಾಯಿತು. ಹಾಲು ಅದೇ, ಮನೆ ಅದೇ; ಆದರೆ ಆ ಮುಖವಿಲ್ಲ. ಮರಿ ಹಾಲು ಮುಟ್ಟದೆ ಕೊರಗಿ ಸತ್ತಿತು. ಒಬ್ಬರ ಮೇಲೆಯೇ ನಿಂತ ನಂಬಿಕೆ ನಂಬಿದವರನ್ನೇ ಕೊಲ್ಲಬಲ್ಲದೆಂಬ ಪಾಠ ಆ ದಂಪತಿಗಳಿಗೆ ದೊರೆತದ್ದು ಈ ಬೆಲೆಗೆ.

ಕಾವಲು ಬಿಗಿಯಾದಂತೆ ಆನೆಗಳ ಸಂಖ್ಯೆ ಏರಿ ಮರಗಳು ನೆಲಕಚ್ಚತೊಡಗಿದುವು. ೧೯೬೦ರ ದಶಕದ ಉತ್ತರಾರ್ಧದಲ್ಲಿ ರಿಚರ್ಡ್ ಲಾಸ್ ಎಂಬ ವಿಜ್ಞಾನಿ ಸಾವಿರಾರು ಆನೆಗಳನ್ನು ಗುಂಡಿಕ್ಕಿ ತೆಗೆಯಬೇಕೆಂದು ಸೂಚಿಸಿದ. ಶೆಲ್ಡ್ರಿಕ್ ಒಪ್ಪಲಿಲ್ಲ, ಕಾಡು ತನ್ನ ಲೆಕ್ಕವನ್ನು ತಾನೇ ಸರಿಪಡಿಸಿಕೊಳ್ಳಲಿ ಎಂಬುದು ಅವನ ಪಕ್ಷ. ಲಾಸ್ ತ್ಸಾವೋವನ್ನು ಬಿಟ್ಟು ಹೋದ. ೧೯೭೦-೭೧ರ ಬರಗಾಲದಲ್ಲಿ ಸುಮಾರು ೬,೦೦೦ ಆನೆಗಳು ಸತ್ತುವು. ಅವುಗಳಲ್ಲಿ ಹೆಣ್ಣಾನೆಗಳೂ ಮರಿಗಳೂ ಹೆಚ್ಚು. ಇದನ್ನು ತೋರಿಸಿ ಅವನನ್ನು ನಿಷ್ಕರುಣಿಯೆಂದು ದೂರಿದವರುಂಟು. ಆ ದೂರನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ: ಮರಿಗಳ ಸಾವು ಗುಂಡಿನಿಂದಾದರೇನು, ಹಸಿವಿನಿಂದಾದರೇನು? ಆದರೂ ಒಂದು ಭೇದವಿದೆ. ಬದುಕಿ ಉಳಿದ ಆನೆಗಳ ನೆನಪಿನಲ್ಲಿ ಆ ಬರಗಾಲ ಮನುಷ್ಯನ ಕೈವಾಡವಾಗಿ ಉಳಿಯಲಿಲ್ಲ. ಅಭಯವಿತ್ತ ಕಾವಲುಗಾರನೇ ಬಂದೂಕೆತ್ತಿದ್ದರೆ, ವರ್ಷಗಳಿಂದ ಅವು ಕಲಿತದ್ದೆಲ್ಲ ಒಂದೇ ದಿನದಲ್ಲಿ ಅಳಿದುಹೋಗುತ್ತಿತ್ತು.

೧೯೭೬ರಲ್ಲಿ ಶೆಲ್ಡ್ರಿಕ್ಕನಿಗೆ ನೈರೋಬಿಗೆ ವರ್ಗವಾಯಿತು. ಒಂದೇ ವರ್ಷದೊಳಗೆ, ೧೯೭೭ರ ಜೂನ್ ತಿಂಗಳಲ್ಲಿ, ಹೃದಯಾಘಾತದಿಂದ ಆತ ತೀರಿಕೊಂಡ. ಆಗ ವಯಸ್ಸು ಐವತ್ತೇಳು. ದಂತದ ಬೆಲೆ ಏರಿದ ಆ ವರ್ಷಗಳಲ್ಲಿ ಬಿಲ್ಲುಬಾಣದ ಜಾಗಕ್ಕೆ ಬಂದೂಕು ಬಂದಿತ್ತು. ೧೯೮೦ರ ದಶಕ ಮುಗಿಯುವ ಹೊತ್ತಿಗೆ ತ್ಸಾವೋದಲ್ಲಿ ಉಳಿದ ಆನೆಗಳು ಆರು ಸಾವಿರದ ಆಸುಪಾಸು. ದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಂದ ಮೇಲೆ ಅವು ಮೆಲ್ಲಗೆ ಚೇತರಿಸಿಕೊಂಡುವು. ೨೦೨೧ರ ಗಣತಿಯಲ್ಲಿ ಆ ಸಂಖ್ಯೆ ಹದಿನೈದು ಸಾವಿರದ ಸಮೀಪಕ್ಕೆ ಬಂದಿತ್ತು.

ಗಂಡನ ಹೆಸರಿನಲ್ಲಿ ಡ್ಯಾಫ್ನಿ ೧೯೭೭ರಲ್ಲಿಯೇ ಸಂಸ್ಥೆಯೊಂದನ್ನು ಕಟ್ಟಿದಳು. ೨೦೧೮ರಲ್ಲಿ ಆಕೆಯೂ ತೀರಿಕೊಂಡಳು. ಆ ಸಂಸ್ಥೆ ಸಾಕಿ ಬೆಳೆಸಿದ ತಬ್ಬಲಿ ಆನೆಗಳು ಇನ್ನೂರಕ್ಕೂ ಹೆಚ್ಚು. ಅಲ್ಲಿನ ಪಾಲಕರು ಕಂಬಳಿಯನ್ನು ತೂಗುಹಾಕಿ, ತಾಯಿಯ ಒಡಲಿಗೆ ಸೊಂಡಿಲು ಒತ್ತಿದಂತೆ ಮರಿ ಅದಕ್ಕೆ ಸೊಂಡಿಲು ಒತ್ತಿ ಹಾಲು ಕುಡಿಯುವ ಹಾಗೆ ಮಾಡುತ್ತಾರೆ. ರಾತ್ರಿ ಬೆಚ್ಚಿ ಎದ್ದು ಕೂಗುವ ಮರಿಗಳ ಪಕ್ಕದಲ್ಲಿಯೇ ಮಲಗುತ್ತಾರೆ. ಆದರೆ ಐಶಾಳನ್ನು ಮರೆಯದೆ, ಸರದಿಯ ಮೇಲೆ ಬದಲಾಗುತ್ತಾರೆ. ಬೆಳೆದ ಆನೆಗಳು ತ್ಸಾವೋಕ್ಕೆ ಹೋಗಿ, ಒಂದೊಂದಾಗಿ ಕಾಡಿನ ಹಿಂಡುಗಳನ್ನು ಸೇರುತ್ತವೆ. ಎಲಿನಾರ್ ಕೂಡ ೧೯೯೦ರ ದಶಕದಲ್ಲಿ ಹಾಗೆಯೇ ಹೊರಟುಹೋಯಿತು. ಮೂವತ್ತು ವರ್ಷ ಮನುಷ್ಯರೊಡನೆ ಬಾಳಿದ ಆನೆ ಅವರನ್ನು ಬಿಟ್ಟು ಕಾಡಾನೆಯಾಯಿತೆಂಬುದನ್ನು ಕೇಳಿದಾಗ, ಶೆಲ್ಡ್ರಿಕ್ಕನ ಬಾಳು ಸಾರ್ಥಕವಾಯಿತೆಂದೇ ನನಗೆ ಅನ್ನಿಸಿತು.