ಮಂಡ್ಯದ ಸಕ್ಕರೆಯ ಹಿಂದಿನ ವಿಜ್ಞಾನಿ: ಡಾ. ಕೋಲ್ಮನ್

ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಗೆ ಬೆಳೆ ಉತ್ಪಾದನೆಯ ಪಾಠ ಮಾಡುವಾಗ, ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಾರಣರಾದವರು ಯಾರೆಂದು ಕೇಳಿದೆ. ಮಕ್ಕಳೆಲ್ಲ ವಿಶ್ವೇಶ್ವರಯ್ಯನವರ ಹೆಸರು ಹೇಳಿದರು. ಕೋಲ್ಮನ್ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕಿಕ್ಕೇರಿಯಲ್ಲಿ ಕಬ್ಬು ನೋಡುತ್ತಲೇ ಬೆಳೆದ ನನಗೂ ಪಾಠಕ್ಕೆ ಸಿದ್ಧತೆ ಮಾಡುವವರೆಗೆ ಗೊತ್ತಿರಲಿಲ್ಲ.

ಲೆಸ್ಲಿ ಕೋಲ್ಮನ್ ಕೆನಡಾದ ಒಂಟಾರಿಯೊದಲ್ಲಿ 1878ರಲ್ಲಿ ಹುಟ್ಟಿದರು. ಟೊರಾಂಟೊ ಮತ್ತು ಜರ್ಮನಿಯ ಗಾಟಿಂಗನ್‌ನಲ್ಲಿ ಓದಿ, 1908ರಲ್ಲಿ ಶಿಲೀಂಧ್ರ ಹಾಗೂ ಕೀಟ ತಜ್ಞರಾಗಿ ಮೈಸೂರು ಸಂಸ್ಥಾನಕ್ಕೆ ಬಂದರು.

ಆಗ ಮಲೆನಾಡಿನಲ್ಲಿ ಕೊಳೆರೋಗದಿಂದ ಅಡಿಕೆ ಉದುರಿಹೋಗುತ್ತಿತ್ತು. ರೈತರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಕೋಲ್ಮನ್ ಅಭ್ಯಾಸ ಮಾಡಿ, ಮಳೆಗೆ ಮುಂಚೆಯೇ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದರು. ಇಂದಿಗೂ ಅಡಿಕೆ ತೋಟಗಳಲ್ಲಿ ಅದೇ ಔಷಧಿ ಹೊಡೆಯುತ್ತಾರೆ.

1913ರಲ್ಲಿ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಶುರುವಾಯಿತು.

ಕನ್ನಂಬಾಡಿಯ ನೀರು ನಾಲೆಯಲ್ಲಿ ಮಂಡ್ಯಕ್ಕೆ ಬರುವ ಹೊತ್ತಿಗೆ ಜಗತ್ತಿನಲ್ಲೆಲ್ಲ ಬೆಳೆಗಳ ಬೆಲೆ ಕುಸಿದಿತ್ತು. ನೀರು ಬಂದರೆ ಸಾಲದು, ಬೆಳೆದದ್ದಕ್ಕೆ ಬೆಲೆ ಸಿಗಬೇಕು. ಕಡಿದ ಕಬ್ಬು ಒಣಗಿದಷ್ಟೂ ಅದರಲ್ಲಿನ ಸಕ್ಕರೆ ಕಡಿಮೆಯಾಗುತ್ತದೆ. ಆದ್ದರಿಂದ ಗಿರಣಿ ಗದ್ದೆಗೆ ಹತ್ತಿರವಿರಬೇಕು. 1933ರಲ್ಲಿ ಸರ್ಕಾರದ ಜೊತೆಗೆ ರೈತರೂ ಷೇರುದಾರರಾಗಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದನ್ನು ಕಟ್ಟಿ ನಿಲ್ಲಿಸುವುದರಲ್ಲಿ ಕೋಲ್ಮನ್ನರ ದುಡಿಮೆ ದೊಡ್ಡದು. ಆಲೆಮನೆಯ ಬೆಲ್ಲವನ್ನೇ ನಂಬಿದ್ದ ರೈತನಿಗೆ ಇನ್ನೊಂದು ದಾರಿ ತೆರೆಯಿತು. 1934ರಲ್ಲಿ ಅವರು ಕೆನಡಾಕ್ಕೆ ಮರಳಿದರು. 1954ರಲ್ಲಿ ತೀರಿಕೊಂಡರು.

ಕೋಲ್ಮನ್ ಶಿಲೀಂಧ್ರವನ್ನು ಗುರುತಿಸಿ ವರದಿ ಬರೆದು ಸುಮ್ಮನಾಗಿದ್ದರೆ ಅಡಿಕೆ ಉಳಿಯುತ್ತಿರಲಿಲ್ಲ. ತಿಳಿದದ್ದನ್ನು ರೈತನ ಕೈಗೆ ಮುಟ್ಟಿಸಿದ್ದೇ ಅವರ ಹೆಚ್ಚುಗಾರಿಕೆ. ನಾನಾದರೋ ಬೋರ್ಡೋ ದ್ರಾವಣವನ್ನು ಕಪ್ಪುಹಲಗೆಯ ಮೇಲೆ ಬರೆದು ಮುಗಿಸಿದ್ದೆ. ಮುಂದಿನ ಪಾಠಕ್ಕೆ ಮೈಲುತುತ್ತ, ಸುಣ್ಣ, ಎರಡು ಪ್ಲಾಸ್ಟಿಕ್ ಬಕೆಟ್ ಒಯ್ಯುತ್ತೇನೆ. ತಲಾ ಹತ್ತು ಗ್ರಾಂ, ಒಟ್ಟು ಒಂದು ಲೀಟರ್ ನೀರು. ಕಬ್ಬಿಣದ ಚಾಕು ಅದ್ದಿದಾಗ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಅದನ್ನು ಮಕ್ಕಳೇ ನೋಡಿ ಹೇಳಲಿ.